ಕುಣಿಗಲ್‌ನಿಂದ ಗುಬ್ಬಿಗೆ: ಸೈಕಲ್ ಮೇಲೊಂದು ದಿನ



ಬೆಳಗ್ಗೆ ಸಂಘಕ್ಕೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಮನೆಗೆ ಬರುವಾಗ, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಹಿಂದಿನ ಚಕ್ರದ ಎರಡೂ ಕಡೆ ಚೀಲ ಕಟ್ಟಿಕೊಂಡು ಸೈಕಲ್ ತುಳಿಯುತ್ತಾ ಹೋಗುವವರನ್ನು ನೀವು ನೋಡಿರಬಹುದು. ಅವರಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. "ಬಸ್ಸು, ಕಾರು ಇರುವಾಗ ಇವರಿಗೆ ಈ ಕಷ್ಟ ಯಾಕಪ್ಪಾ?" ಎಂದು ನಿಮಗೆ ಅನಿಸಿರಲೂಬಹುದು. ಇವರು ಹಲವು ದಿನಗಳ ಸೈಕಲ್ ಪ್ರವಾಸ ಹೊರಟವರು. ಇಂಥವರ ಒಂದು ದಿನ ಹೇಗಿರುತ್ತದೆ ಎಂದು ನಮ್ಮದೇ ರಸ್ತೆಯಲ್ಲಿ ನೋಡೋಣ. ನಿಮ್ಮ ಮನೆಗೆ, ನಿಮ್ಮ ಮಗಳಿಗೆ ಬೇಕಾದ ಸಂಗತಿಯೂ ಅದರಲ್ಲಿದೆ.

ಬೆಳಗಿನ ಸಿದ್ಧತೆ

ನೀವೇ ಸವಾರರು ಎಂದುಕೊಳ್ಳಿ. ರಾತ್ರಿ ಕುಣಿಗಲ್‌ನಲ್ಲಿ ತಂಗಿದ್ದೀರಿ. ಇವತ್ತು ಹೆಬ್ಬೂರು, ಗೂಳೂರು, ತುಮಕೂರು ದಾಟಿ ಗುಬ್ಬಿ ಸೇರಬೇಕು. ಸುಮಾರು 55 ಕಿ.ಮೀ. ದಾರಿ. ಗಂಟೆಗೆ 14–15 ಕಿ.ಮೀ. ಹೋದರೂ ನಾಲ್ಕು ಗಂಟೆಯ ತುಳಿತ. ಬಿಸಿಲೇರುವ ಮೊದಲೇ ಹೊರಡಬೇಕು. ಕೊಟ್ಟಿಗೆಗೆ ಏಳುವ ಹೊತ್ತಿಗೇ ಏಳಬೇಕು. ಅದು ನಿಮಗೇನೂ ಹೊಸದಲ್ಲ.

ಹೊರಡುವ ಮೊದಲು ಮೂರು ಕೆಲಸ: ಟಯರಿನ ಗಾಳಿ ಒತ್ತಿ ನೋಡುವುದು, ಎರಡೂ ಬ್ರೇಕ್ ಹಿಡಿದು ನೋಡುವುದು, ಚೈನಿಗೆ ಒಂದೆರಡು ಹನಿ ಎಣ್ಣೆ ಬಿಡುವುದು. ಆಮೇಲೆ ಚೀಲಗಳು. ಎರಡೂ ಕಡೆ ಒಂದೇ ತೂಕ ಇರಬೇಕು, ತೂಕ ಆದಷ್ಟೂ ಕೆಳಗಿರಬೇಕು. ಕ್ಯಾರಿಯರ್‌ನ ಎರಡು ಬದಿಗೂ ಹಾಲಿನ ಕ್ಯಾನು ತೂಗುಹಾಕಿ ಸೈಕಲ್ ತುಳಿಯುವವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಒಂದೇ ಕಡೆ ಭಾರವಾದರೆ ತಿರುವಿನಲ್ಲಿ ಸೈಕಲ್ ಎಳೆಯುತ್ತದೆ.

ಬಾಯಾರುವ ಮೊದಲೇ ನೀರು

ಕುಣಿಗಲ್ ಬಿಟ್ಟರೆ ರಾಗಿ ಹೊಲ, ತೆಂಗಿನ ತೋಟ, ಸಣ್ಣ ಸಣ್ಣ ಏರು-ಇಳಿತ. ಏರಿನಲ್ಲಿ ಹೊಸಬರು ದಮ್ಮು ಕಟ್ಟಿ ತುಳಿಯುತ್ತಾರೆ; ಅನುಭವಸ್ಥರು ಗಿಯರ್ ಇಳಿಸಿ, ಮಾತಾಡಲು ಉಸಿರು ಉಳಿಯುವಷ್ಟು ನಿಧಾನವಾಗಿ ಹತ್ತುತ್ತಾರೆ. ದೂರ ಹೋಗುವವರಿಗೆ ವೇಗಕ್ಕಿಂತ ಒಂದೇ ಸಮನಾದ ನಡೆ ಮುಖ್ಯ.

ಅವರಿಗೆ ಇನ್ನೊಂದು ನಿಯಮವಿದೆ. ಬಾಯಾರುವ ಮೊದಲೇ ಕುಡಿಯಬೇಕು, ಹಸಿಯುವ ಮೊದಲೇ ತಿನ್ನಬೇಕು. ಬಾಯಾರಿಕೆ ಆಗುವ ಹೊತ್ತಿಗೆ ದೇಹದಲ್ಲಿ ನೀರು ಆಗಲೇ ಕಡಿಮೆಯಾಗಿರುತ್ತದೆ. ಕಾಲು ಸೋಲುತ್ತದೆ, ತಲೆ ನೋಯುತ್ತದೆ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಎಳನೀರು, ಬಾಳೆಹಣ್ಣು, ಕಡಲೆಕಾಯಿ, ಬೆಲ್ಲ ಇದ್ದರೆ ಯಾವ ಪೊಟ್ಟಣದ ಪುಡಿಯೂ ಬೇಡ.

ಇಲ್ಲೊಂದು ಮಾತು ಕೇಳುತ್ತೇವೆ. ಹಾಲಿನಲ್ಲಿ ಶೇ. 87ರಷ್ಟು ನೀರೇ ಇರುತ್ತದೆ ಎಂದು ನಿಮಗೆ ಗೊತ್ತು. ಹಸುವಿನ ಮುಂದೆ ಇಡೀ ದಿನ ಶುದ್ಧ ನೀರು ಇರುವಂತೆ ನೋಡಿಕೊಳ್ಳುತ್ತೀರಿ. ಹುಲ್ಲು ಕೊಯ್ಯಲು ಹೋದಾಗ ನೀವು ಎಷ್ಟು ನೀರು ಕುಡಿಯುತ್ತೀರಿ? ನಾಳೆಯಿಂದ ಕುಡುಗೋಲಿನ ಜೊತೆ ಒಂದು ಬಾಟಲಿ ನೀರೂ ಇರಲಿ.

ಮುದ್ರೆ ಬೀಳುವ ಕಾರ್ಡು

ಗೂಳೂರು ದಾಟಿ ತುಮಕೂರು ಸೇರಿದರೆ ವಾಹನಗಳ ಗದ್ದಲ. ಸವಾರರು ಇಲ್ಲಿ ರಸ್ತೆಯ ಎಡಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಗುತ್ತಾರೆ. ತಿರುಗುವ ಮೊದಲು ಕೈ ಚಾಚಿ ತೋರಿಸುತ್ತಾರೆ. ಬಿ.ಎಚ್. ರಸ್ತೆ ಹಿಡಿದು ಹೊರಟರೆ ಮಲ್ಲಸಂದ್ರದಲ್ಲಿ ನಮ್ಮ ಡೇರಿ. ನೀವು ಬೆಳಗ್ಗೆ ಅಳೆದ ಹಾಲೂ ಈ ಸವಾರರೂ ಒಂದೇ ದಾರಿಯಲ್ಲಿ ಬಂದಂತಾಯಿತು!

ಕೆಲವರು ಗಡಿಯಾರ ನೋಡಿಕೊಂಡು ತುಳಿಯುವುದೂ ಉಂಟು. ಬ್ರೆವೆ ಎನ್ನುವ ದೂರ ಸವಾರಿಯಲ್ಲಿ 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ, 600 ಕಿ.ಮೀ.ಯನ್ನು 40 ಗಂಟೆಯೊಳಗೆ ಮುಗಿಸಬೇಕು. ಅದು ಪಂದ್ಯವಲ್ಲ; ಮೊದಲು ಬಂದವರಿಗೆ ಬಹುಮಾನವಿಲ್ಲ. ದಾರಿಯ ಗೊತ್ತಾದ ಜಾಗಗಳಲ್ಲಿ ಹೊತ್ತಿಗೆ ಸರಿಯಾಗಿ ಹೋಗಿ ಕಾರ್ಡಿಗೆ ಮುದ್ರೆ ಹಾಕಿಸಿಕೊಂಡರೆ ಸಾಕು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆಯಿರಲಿ ಹಬ್ಬವಿರಲಿ, ಹೊತ್ತಿಗೆ ಸರಿಯಾಗಿ ಸಂಘ ಮುಟ್ಟಿ ಪುಸ್ತಕದಲ್ಲಿ ಬರೆಸಿಕೊಳ್ಳುವ ನಿಮ್ಮ ಶಿಸ್ತು ಇದಕ್ಕಿಂತ ಕಡಿಮೆಯದಲ್ಲ.

ಹೆಣ್ಣು ಸೈಕಲ್ ಏರಿದಾಗ

ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬಾಕೆಗೆ ಹತ್ತನೇ ಹುಟ್ಟುಹಬ್ಬಕ್ಕೆ ಒಂದು ಸೈಕಲ್, ಒಂದು ಭೂಪಟದ ಪುಸ್ತಕ ಸಿಕ್ಕಿದವು. ಸೈಕಲ್ಲಿನಲ್ಲೇ ಭಾರತಕ್ಕೆ ಹೋಗುತ್ತೇನೆ ಎಂದು ಕೆಲವೇ ದಿನಗಳಲ್ಲಿ ನಿರ್ಧರಿಸಿದಳು. ಆದರೆ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ವರ್ಷಗಳು ಕಳೆದವು. ತಾಯಿ ತೀರಿಕೊಂಡ ಮೇಲೆ, 1963ರ ಚಳಿಗಾಲದಲ್ಲಿ, 31ನೇ ವಯಸ್ಸಿನಲ್ಲಿ ಒಬ್ಬಳೇ ಹೊರಟು ದೆಹಲಿ ತಲುಪಿದಳು. ಹತ್ತು ವರ್ಷಗಳ ನಂತರ ಐದು ವರ್ಷದ ಮಗಳ ಕೈ ಹಿಡಿದು ನಮ್ಮ ಕೊಡಗಿಗೂ ಬಂದಳು. ಮನೆಯ ಜವಾಬ್ದಾರಿ ಆಸೆಯನ್ನು ತಡಮಾಡಬಹುದು, ಕೊಲ್ಲಬೇಕಾಗಿಲ್ಲ.

ಇನ್ನೂ ಹತ್ತಿರದ ಕತೆ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯದು. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಲಕ್ಷಕ್ಕೂ ಹೆಚ್ಚು ಗ್ರಾಮೀಣ ಮಹಿಳೆಯರು ಕಲಿತರು. ಆಡಿಕೊಂಡವರು ಇದ್ದೇ ಇದ್ದರು. ಆದರೂ ಕೂಲಿ ಮಾಡುವವರು, ಅಂಗನವಾಡಿಯವರು, ಶಿಕ್ಷಕಿಯರು ಬಿಡಲಿಲ್ಲ. ಅನೇಕರು ಗಂಡಸರ ಸೈಕಲ್ಲನ್ನೇ ಮೆಚ್ಚಿದರು, ಮುಂದಿನ ಕಂಬಿಯ ಮೇಲೆ ಮಗುವನ್ನು ಕೂರಿಸಬಹುದಲ್ಲ ಎಂದು! ಬಸ್ಸಿಗೆ ಕಾಯುವುದು ತಪ್ಪಿತು, ಬೆಳೆದದ್ದನ್ನು ಸುತ್ತಲ ಹಳ್ಳಿಗಳಿಗೆ ತಾವೇ ಒಯ್ದು ಮಾರಿದರು, ಕೈಯಲ್ಲಿ ಕಾಸು ಹೆಚ್ಚಿತು.

ಹಾಲಿನ ಲೆಕ್ಕವೂ ಇದೇ. ಕರೆದ ಹಾಲು ತಡವಾದಷ್ಟೂ ಅದರಲ್ಲಿ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಹುಳಿಯಾಗುವ ಭಯವೂ ಹೆಚ್ಚುತ್ತದೆ. ಕರೆಯುವವರು ನೀವು, ಒಯ್ಯುವವರು ಯಜಮಾನರೋ ಮಗನೋ ಆದರೆ, ಅವರಿಗೆ ಹೊತ್ತಾಗುವವರೆಗೆ ಹಾಲು ಕಾಯಬೇಕು. ನೀವೇ ಒಯ್ದರೆ ಹಾಲು ಉಳಿಯುತ್ತದೆ, ಫ್ಯಾಟ್ ಎಷ್ಟು ಬಂತು, ಬಟವಾಡೆ ಎಷ್ಟು ಬಂತು ಎಂಬುದೂ ನಿಮಗೇ ಮೊದಲು ತಿಳಿಯುತ್ತದೆ.

ಕಲಿಯುವುದು ಹೇಗೆ?

• ಸೀಟನ್ನು ಎರಡೂ ಪಾದ ನೆಲಕ್ಕೆ ಊರುವಷ್ಟು ಇಳಿಸಿ. ಕಣದಲ್ಲೋ ಶಾಲೆಯ ಮೈದಾನದಲ್ಲೋ ಪೆಡಲ್ ತುಳಿಯದೆ, ಕಾಲಿನಿಂದ ನೂಕುತ್ತಾ ಜಾರಿ. ಸಮತೋಲನ ಬಂದ ಮೇಲೆ ಪೆಡಲ್.
• ಕಲಿತ ಮೇಲೆ ಸೀಟು ಏರಿಸಿ. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಮಡಚಿರಬೇಕು. ಸೀಟು ತೀರಾ ತಗ್ಗಾದರೆ ಮಂಡಿ ನೋವು ಬರುತ್ತದೆ.
• ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಚೈನ್ ಕವರ್ ಇಲ್ಲದ ಸೈಕಲ್ ಬೇಡ.
• ಮೊದಲು ಖಾಲಿ ಕ್ಯಾನು ಕಟ್ಟಿ ಅಭ್ಯಾಸ ಮಾಡಿ, ಆಮೇಲೆ ಹಾಲು.
• ಸಂಜೆ ಹಾಲಿನ ಹೊತ್ತಿಗೆ ಕತ್ತಲಾಗುತ್ತದೆ. ಸೈಕಲ್ ಹಿಂಬದಿಗೆ, ಕ್ಯಾನಿಗೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ.

ಗುಬ್ಬಿ ಬಂತು

ಮಧ್ಯಾಹ್ನದ ಹೊತ್ತಿಗೆ ಗುಬ್ಬಿ. ವೀರಣ್ಣನವರ ನಾಟಕ ಕಂಪನಿಯ ಊರು. ಹೆಣ್ಣು ಬಣ್ಣ ಹಚ್ಚಿದರೆ ಆಡಿಕೊಳ್ಳುತ್ತಿದ್ದ ಕಾಲದಲ್ಲಿ ಆ ಕಂಪನಿಯ ನಟಿಯರು ಊರೂರು ತಿರುಗಿ ಹೆಸರು ಮಾಡಿದರು. ಸವಾರರು ಇಲ್ಲಿ ಇಳಿದು ಮುದ್ದೆ ಉಂಡು, ಬಟ್ಟೆ ಒಗೆದು ಹಾಕಿ, ಕಾಲು ಚಾಚುತ್ತಾರೆ. ನಾಳೆ ಇನ್ನೊಂದು ಊರು.

ನಿಮಗೆ ಊರೂರು ತಿರುಗುವ ಬಿಡುವಿಲ್ಲದಿರಬಹುದು. ಆದರೆ ನಮ್ಮ ರಾಜ್ಯದಲ್ಲಿ 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದ ಮೇಲೆ ಎಷ್ಟೋ ಮನೆಗಳ ಹಜಾರದಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಒಂದು ಹಳೆಯ ಸೈಕಲ್ ಒರಗಿ ನಿಂತಿದೆ. ಈ ಭಾನುವಾರ ಅದರ ಧೂಳು ಒರೆಸಿ, ಗಾಳಿ ತುಂಬಿಸಿ. ಹಿಂದೆ ಹಿಡಿದುಕೊಳ್ಳಲು ಮಗಳನ್ನು ಕರೆಯಿರಿ. ನಿಮಗೆ ಬರುತ್ತದೆಯಾದರೆ ಅವಳನ್ನು ಕೂರಿಸಿ, ನೀವು ಹಿಡಿದುಕೊಳ್ಳಿ.