ಬಡಾವಣೆಯ ಬಾಳಿಕೆಗೆ ಅಳತೆಗೋಲು

ಹಿಂದೆ ನಮ್ಮ ಬಯಲುಸೀಮೆಯಲ್ಲಿ ಕೆರೆ-ಬಾವಿಗಳ ಆಸರೆಯನ್ನು ನೋಡಿಕೊಂಡು ಊರು ಬೆಳೆಯುತ್ತಿತ್ತು. ಇಂದಿನ ನಗರಗಳಲ್ಲಿ ಬಡಾವಣೆ ಮೊದಲು ಹುಟ್ಟುತ್ತದೆ. ನೀರು, ವಿದ್ಯುತ್ತು, ಕಸದ ವಿಲೇವಾರಿಗಳ ಚಿಂತೆ ಆಮೇಲೆ ಬರುತ್ತದೆ. ಹೀಗಿದ್ದರೂ ನಿವೇಶನಗಳ ಜಾಹೀರಾತಿನಲ್ಲಿ ‘ಹಸಿರು ಬಡಾವಣೆ’ ಎಂಬ ಮಾತಿಗೆ ಕೊರತೆಯಿಲ್ಲ. ಒಂದು ಉದ್ಯಾನ, ರಸ್ತೆಯ ಇಕ್ಕೆಲಗಳಲ್ಲಿ ಒಂದಿಷ್ಟು ಗಿಡಗಳು ಇದ್ದಮಾತ್ರಕ್ಕೆ ಬಡಾವಣೆಯು ಹಸಿರಾಯಿತೆ? ಮುಂದಿನ ಪೀಳಿಗೆಯ ಪಾಲನ್ನು ಕಸಿಯದೆ ಬಾಳಬಲ್ಲ ಬಡಾವಣೆ ಯಾವುದೆಂದು ಅಳೆಯುವ ಬಗೆ ಹೇಗೆ? ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಅಂಕ ನೀಡುವ ಪದ್ಧತಿ

ಈ ಪ್ರಶ್ನೆಗೆ ಉತ್ತರವಾಗಿ ಹಲವು ದೇಶಗಳು ಅಂಕ ನೀಡುವ ಪದ್ಧತಿಗಳನ್ನು ರೂಪಿಸಿವೆ. ಅವುಗಳಲ್ಲಿ ಅಮೆರಿಕದ ಹಸಿರು ಕಟ್ಟಡ ಮಂಡಲಿಯ ‘ಲೀಡ್’ ಪದ್ಧತಿಯು ಪ್ರಸಿದ್ಧವಾದುದು. ಬಡಾವಣೆಗಳಿಗೆಂದೇ ರಚಿತವಾದ ಇದರ 2009ರ ಆವೃತ್ತಿಯಲ್ಲಿ ಒಟ್ಟು 110 ಅಂಕಗಳಿವೆ. ಸ್ಥಳದ ಆಯ್ಕೆ, ಬೀದಿಗಳ ವಿನ್ಯಾಸ, ಕಟ್ಟಡಗಳ ಗುಣ ಎಂಬ ಮೂರು ಮುಖ್ಯ ವಿಭಾಗಗಳಿದ್ದು, 40 ಅಂಕ ಗಳಿಸಿದ ಬಡಾವಣೆಗೆ ಮಾನ್ಯತೆ ದೊರೆಯುತ್ತದೆ. 80 ಅಂಕ ಮುಟ್ಟಿದರೆ ಅತ್ಯುನ್ನತ ದರ್ಜೆ. ಮನೆಯಿಂದ ಬಸ್ ನಿಲ್ದಾಣಕ್ಕೆ ಸುಮಾರು 400 ಮೀಟರ್ ನಡಿಗೆಯೊಳಗೆ ತಲುಪಬಹುದೆ, ಅಂಗಡಿ ಮತ್ತು ಶಾಲೆಗಳು ಸಮೀಪದಲ್ಲಿವೆಯೆ ಎಂಬಂತಹ ಉಪಯುಕ್ತ ವಿಚಾರಗಳನ್ನು ಈ ಪದ್ಧತಿಯು ಪರಿಶೀಲಿಸುತ್ತದೆ.

ಆದರೆ ಇದರಲ್ಲೊಂದು ಕೊರತೆಯುಂಟು. ಒಂದು ವಿಷಯದಲ್ಲಿ ಕಳೆದುಕೊಂಡ ಅಂಕವನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ಅಲ್ಲದೆ, ನಕ್ಷೆಯ ಹಂತದಲ್ಲಿಯೇ, ಅಂದರೆ ಜನ ಬಂದು ನೆಲೆಸುವ ಮೊದಲೇ, ಮಾನ್ಯತೆಯ ಮೊದಲ ಮೆಟ್ಟಿಲನ್ನು ಏರಲು ಅವಕಾಶವಿದೆ. ನಕ್ಷೆ ಎಷ್ಟೇ ಸುಂದರವಾಗಿದ್ದರೂ ನೀರಿನ ನಲ್ಲಿಯನ್ನು ತಿರುಗಿಸುವುದು ಅಲ್ಲಿ ವಾಸಿಸುವವರ ಕೈಯೇ ಅಲ್ಲವೆ?

ಲಂಡನ್ನಿನ ಒಂದು ಪಾಠ

ಈ ಮಾತಿಗೆ ದಕ್ಷಿಣ ಲಂಡನ್ನಿನ ಸಟನ್ ಪ್ರದೇಶದಲ್ಲಿರುವ ‘ಬೆಡ್‌ಜೆಡ್’ ಬಡಾವಣೆಯು ಉತ್ತಮ ನಿದರ್ಶನ. 2002ರಲ್ಲಿ ಪೂರ್ಣಗೊಂಡ ಇಲ್ಲಿ ಸುಮಾರು ನೂರು ಮನೆಗಳಿವೆ. ಬಿಸಿಲನ್ನು ಬರಮಾಡಿಕೊಳ್ಳಲು ಮನೆಗಳು ದಕ್ಷಿಣಕ್ಕೆ ಮುಖಮಾಡಿವೆ. ಚಳಿಯನ್ನು ತಡೆಯಲು ಗೋಡೆಗಳಿಗೆ ದಪ್ಪನೆಯ ಹೊದಿಕೆಯಿದೆ. ಗಾಳಿಯಾಡಲು ಛಾವಣಿಯ ಮೇಲೆ ಬಣ್ಣಬಣ್ಣದ ಕೊಳವೆಗಳಿವೆ. ಕಟ್ಟಿದವರು ಅಷ್ಟಕ್ಕೇ ತೃಪ್ತರಾಗದೆ, ಜನ ವಾಸಿಸತೊಡಗಿ ಕೆಲವು ವರ್ಷಗಳಾದ ಮೇಲೆ ಮನೆಮನೆಯ ಬಳಕೆಯನ್ನು ಅಳೆದು 2009ರಲ್ಲಿ ವರದಿಯನ್ನು ಪ್ರಕಟಿಸಿದರು.

ಫಲಿತಾಂಶವು ಎರಡು ಮುಖದ್ದಾಗಿತ್ತು. ಸುತ್ತಲಿನ ಸರಾಸರಿ ಮನೆಗಳಿಗೆ ಹೋಲಿಸಿದರೆ ಮನೆ ಬೆಚ್ಚಗಿಡಲು ಬೇಕಾದ ಶಕ್ತಿಯು ಶೇಕಡಾ 81ರಷ್ಟು, ವಿದ್ಯುತ್ ಬಳಕೆಯು ಶೇಕಡಾ 45ರಷ್ಟು ಕಡಿಮೆಯಾಗಿತ್ತು. ಆದರೆ ಊಟ, ಉಡುಪು, ವಸ್ತುಗಳ ಖರೀದಿ, ವಿಮಾನ ಪ್ರಯಾಣ ಎಲ್ಲವನ್ನೂ ಕೂಡಿಸಿ ನೋಡಿದಾಗ, ಜಗತ್ತಿನ ಎಲ್ಲರೂ ಅಲ್ಲಿನ ಸರಾಸರಿ ನಿವಾಸಿಯಂತೆ ಬದುಕಿದರೆ 2.6 ಭೂಮಿಗಳು ಬೇಕಾಗುತ್ತವೆ ಎಂದು ತಿಳಿದುಬಂದಿತು. ಇದೇ ‘ಪರಿಸರದ ಹೆಜ್ಜೆಗುರುತು’ ಎಂಬ ಅಳತೆ; ಕೆನಡಾದ ವಿಶ್ವವಿದ್ಯಾಲಯವೊಂದರಲ್ಲಿ ವಿಲಿಯಂ ರೀಸ್ ಮತ್ತು ಮಥಿಸ್ ವಾಕರ್ನಾಗೆಲ್ ಅವರು 1990ರ ದಶಕದಲ್ಲಿ ಇದನ್ನು ರೂಪಿಸಿದರು. ಗೋಡೆ ಮಾಡಬೇಕಾದ ಕೆಲಸವನ್ನು ಗೋಡೆ ಮಾಡಿತ್ತು. ಮನುಷ್ಯ ಮಾಡಬೇಕಾದುದು ಇನ್ನೂ ಉಳಿದಿತ್ತು. ಬಳಕೆಯನ್ನು ಅಳೆಯದೆ ಹೋಗಿದ್ದರೆ ಈ ಸತ್ಯವು ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮ ಛಾವಣಿಯ ಲೆಕ್ಕ

ಹಾಗೆಂದು ಅಳತೆಯ ಕಾರ್ಯಕ್ಕೆ ವಿದೇಶಿ ತಜ್ಞರೇ ಬೇಕೆಂದಿಲ್ಲ. ಬೆಂಗಳೂರಿನ ಸಂಗತಿಯನ್ನೇ ನೋಡೋಣ. ಈ ನಗರಕ್ಕೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರಬೇಕು. ಪ್ರತಿ ಕೊಡ ನೀರಿನ ಹಿಂದೆ ವಿದ್ಯುತ್ತಿನ ಖರ್ಚೂ ಇದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಬಡಾವಣೆಗಳು ಟ್ಯಾಂಕರಿನ ದಾರಿ ಕಾದದ್ದನ್ನು ನಗರವಾಸಿಗಳು ಮರೆತಿರಲಾರರು.

ಅದೇ ನಗರದಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ಸಾವಿರ ಚದರ ಅಡಿಯ ಛಾವಣಿಯೊಂದರ ಮೇಲೆ ಬೀಳುವ ನೀರು ಸುಮಾರು 90,000 ಲೀಟರ್. ಐದನೆಯ ಒಂದು ಪಾಲು ನಷ್ಟವಾಯಿತೆಂದರೂ 72,000 ಲೀಟರ್ ಉಳಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಂತೆ ನಾಲ್ವರ ಕುಟುಂಬಕ್ಕೆ ಇದು 133 ದಿನಗಳ ನೀರು! ಅಷ್ಟನ್ನೂ ತೊಟ್ಟಿಯಲ್ಲಿ ಹಿಡಿದಿಡಲು ಸಾಧ್ಯವಾಗದಿದ್ದರೆ ಉಳಿದುದನ್ನು ಇಂಗುಗುಂಡಿಗೆ ಬಿಡಬಹುದು. ಅದು ನೆರೆಯವರ ಬಾವಿಗೂ ಆಸರೆ. ಬೆಂಗಳೂರಿನಲ್ಲಿ 2009ರಲ್ಲಿ ಕಾನೂನಿನ ಮೂಲಕ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಲಾಯಿತು. ಆದರೆ ಕೊಳವೆ ಜೋಡಿಸಿದ್ದನ್ನಷ್ಟೇ ನೋಡಿದರೆ ಸಾಲದು. ಎಷ್ಟು ನೀರು ನಿಜವಾಗಿ ಉಳಿಯಿತೆಂಬುದೇ ಅಳತೆ.

ನಾಲ್ಕು ಅಂಕಣದ ಪುಸ್ತಕ

ಪ್ರತಿ ಬಡಾವಣೆಯ ನಿವಾಸಿಗಳ ಸಂಘವು ಒಂದು ಪುಸ್ತಕವನ್ನಿಟ್ಟು ತಿಂಗಳಿಗೊಮ್ಮೆ ನಾಲ್ಕು ಸಂಗತಿಗಳನ್ನು ಬರೆಯಬಹುದು. ಮೊದಲನೆಯದು ತಲಾ ನೀರಿನ ಬಳಕೆ; ಟ್ಯಾಂಕರಿನ ನೀರೂ ಇದರಲ್ಲಿ ಸೇರಬೇಕು. ಎರಡನೆಯದು ತಲಾ ವಿದ್ಯುತ್ ಬಳಕೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಮೂರನೆಯದು, ಹಸಿಕಸ-ಒಣಕಸಗಳನ್ನು ಬೇರ್ಪಡಿಸಿ ಕೊಡುವ ಮನೆಗಳ ಸಂಖ್ಯೆ. ನಾಲ್ಕನೆಯದು, ಹಾಲು, ತರಕಾರಿ, ಶಾಲೆ, ಬಸ್ಸುಗಳಿಗೆ ವಾಹನವಿಲ್ಲದೆ ನಡೆದುಹೋಗುವ ಮನೆಗಳ ಸಂಖ್ಯೆ. ಅಂಕಿಗಳನ್ನು ಒಟ್ಟಾಗಿ ಬರೆಯದೆ ತಲಾ ಲೆಕ್ಕದಲ್ಲಿ ಬರೆಯುವುದು ಮುಖ್ಯ. ಇಲ್ಲವಾದರೆ ಇಬ್ಬರೇ ಇರುವ ದೊಡ್ಡ ಬಂಗಲೆಯ ದುಂದು ಮುಚ್ಚಿಹೋಗಿ, ಎಂಟು ಜನರ ಕೂಡುಕುಟುಂಬವೇ ತಪ್ಪಿತಸ್ಥನಂತೆ ಕಾಣುತ್ತದೆ.

ಗೃಹಿಣಿಯರು ದಿನಸಿಯ ಲೆಕ್ಕವಿಡುವುದು ಯಾರನ್ನೂ ದೂರುವುದಕ್ಕಲ್ಲ, ಸಂಸಾರ ನಿಭಾಯಿಸುವುದಕ್ಕೆ. ಬಡಾವಣೆಯ ಲೆಕ್ಕವೂ ಅಂತಹುದೇ. ಈ ತಿಂಗಳಿನ ಅಂಕಿಯನ್ನು ಕಳೆದ ವರ್ಷದ ಇದೇ ತಿಂಗಳಿನ ಅಂಕಿಯೊಡನೆ ಹೋಲಿಸಿ ನೋಡುವ ಅಭ್ಯಾಸವು ಬೆಳೆದರೆ, ಹಸಿರೆಂಬುದು ನಾಮಫಲಕದ ಮಾತಾಗಿ ಉಳಿಯದೆ ಬಾಳಿನ ರೀತಿಯಾಗುತ್ತದೆ. ಮೀಟರ್ ಓದುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಿರಿ. ನಾಳಿನ ನೀರು ಅವರದು. ಅದರ ಲೆಕ್ಕವೂ ಇಂದೇ ಅವರ ಕೈಯಲ್ಲಿರಲಿ.