ಈ ಕಾಗದ ಯಾರಿಗೆ ಬರೆದದ್ದು?

ಸ್ಪ್ಯಾನಿಷ್ ಸಾಹಿತ್ಯ ಎಂದೊಡನೆ ಕನ್ನಡದ ಓದುಗರಲ್ಲಿ ಅನೇಕರಿಗೆ ನೆನಪಾಗುವ ಹೆಸರು ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್; ಆ ಹೆಸರಿನ ಬೆನ್ನಿಗೇ ಬರುವುದು ‘ಮಾಂತ್ರಿಕ ವಾಸ್ತವ’ ಎಂಬ ಹಣೆಪಟ್ಟಿ. 1982ರಲ್ಲಿ ಅವರಿಗೆ ನೊಬೆಲ್ ಬಂದ ಮೇಲಂತೂ ಲ್ಯಾಟಿನ್ ಅಮೆರಿಕದ ಯಾವ ಪುಸ್ತಕಕ್ಕಾದರೂ ಅದನ್ನು ಅಂಟಿಸುವ ರೂಢಿ ಬೆಳೆಯಿತು. ಅರ್ಜೆಂಟೀನಾದ ಬೋರ್ಹೆಸ್, ಮೆಕ್ಸಿಕೊದ ಹುವಾನ್ ರುಲ್ಫೊ, ಕಡೆಗೆ ಲಿಮಾ ನಗರದ ಸೈನಿಕ ಶಾಲೆಯ ಬದುಕನ್ನು ಅಪ್ಪಟ ವಾಸ್ತವದ ಕಣ್ಣಿನಿಂದ ಬರೆದ ಮಾರಿಯೊ ವಾರ್ಗಾಸ್ ಯೋಸಾ ಕೂಡ ಅದೇ ಸಾಲಿಗೆ ಸೇರಿಹೋದರು. ಈ ಹಣೆಪಟ್ಟಿ ಓದು ಶುರುವಾಗುವ ಮೊದಲೇ ಅದನ್ನು ಮುಗಿಸಿಬಿಡುತ್ತದೆ. ಸ್ಪ್ಯಾನಿಷ್ ಕೃತಿಯೊಂದನ್ನು ಕೈಗೆತ್ತಿಕೊಂಡಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಬೇರೆಯೇ ಇದೆ: ಇದು ಯಾವ ಬಗೆಯ ಬರಹದ ವೇಷ ತೊಟ್ಟು ಬಂದಿದೆ? ಕಾಗದವೋ, ಅಹವಾಲೋ, ಚರಿತ್ರೆಯೋ, ಪತ್ರಿಕೆಯ ವರದಿಯೋ, ಹಾಡೋ? ಯಾರು ಯಾರಿಗೆ ಏತಕ್ಕಾಗಿ ಹೇಳುತ್ತಿದ್ದಾರೆ? ಈ ಪ್ರಶ್ನೆಯನ್ನು ಬಿಡದೆ ಹಿಡಿದರೆ ಐದು ಶತಮಾನಗಳ ಕಥೆ, ಕಾವ್ಯ, ನಾಟಕಗಳ ಒಳಗೆ ಹೋಗಲು ದಾರಿ ಸಿಗುತ್ತದೆ ಎಂಬುದು ನನ್ನ ವಾದ.

1554ರಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾದ ‘ಲಾಸರಿಲ್ಯೊ ದೆ ತೊರ್ಮೆಸ್’ ಎಂಬ ಪುಟ್ಟ ಪುಸ್ತಕವನ್ನೇ ನೋಡಿ. ಬಡ ಹುಡುಗನೊಬ್ಬ ಕುರುಡು ಭಿಕ್ಷುಕನಿಂದ ಹಿಡಿದು ಒಬ್ಬರಾದ ಮೇಲೊಬ್ಬ ಧಣಿಯ ಸೇವೆಗೆ ಸೇರಿ, ಹೊಟ್ಟೆಗಾಗಿ ಪಡುವ ಪಾಡು ಇದರ ಕಥೆ. ಕುರುಡನ ಹೂಜಿಯಿಂದ ದ್ರಾಕ್ಷಾರಸ ಹೀರುವ ಉಪಾಯ, ರೊಟ್ಟಿಯನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಡುವ ಜಿಪುಣ ಪಾದ್ರಿ, ತಿನ್ನಲು ಏನೂ ಇಲ್ಲದಿದ್ದರೂ ಊಟ ಮುಗಿಸಿದವನಂತೆ ಹಲ್ಲಿಗೆ ಕಡ್ಡಿ ಹಾಕಿಕೊಂಡು ಬೀದಿಗಿಳಿಯುವ ಕುಲೀನ: ಇವಿಷ್ಟನ್ನು ನೋಡಿ ನಕ್ಕು ಪುಸ್ತಕ ಮುಚ್ಚಿಬಿಡಬಹುದು. ಆದರೆ ಇಡೀ ಕಥೆ ಇರುವುದು ಒಂದು ಕಾಗದದ ರೂಪದಲ್ಲಿ. ದೊಡ್ಡ ಮನುಷ್ಯರೊಬ್ಬರು ಒಂದು ‘ಪ್ರಕರಣ’ದ ಬಗ್ಗೆ ಪೂರ್ತಿ ವಿವರ ಬರೆದು ಕಳಿಸು ಎಂದಿದ್ದಾರೆ, ಅದಕ್ಕೆ ಲಾಸರೊ ಉತ್ತರ ಕೊಡುತ್ತಿದ್ದಾನೆ. ಪ್ರಕರಣ ಯಾವುದೆಂದು ತಿಳಿಯುವುದು ಕೊನೆಯಲ್ಲಿ. ಈಗ ತೊಲೆದೊ ನಗರದಲ್ಲಿ ಡಂಗುರ ಸಾರುವ ಕೆಲಸದಲ್ಲಿರುವ ಲಾಸರೊನ ಹೆಂಡತಿಗೂ ಅವನಿಗೆ ಆಸರೆಯಾದ ಹಿರಿಯ ಪಾದ್ರಿಗೂ ಸಂಬಂಧವಿದೆಯೆಂದು ಊರು ಆಡಿಕೊಳ್ಳುತ್ತಿದೆ. ಇದು ಗೊತ್ತಾದ ಕ್ಷಣ ಹಿಂದಿನ ಪುಟಗಳೆಲ್ಲ ಬೇರೆ ಅರ್ಥ ಪಡೆಯುತ್ತವೆ. ಹಸಿವಿನ ಒಂದೊಂದು ಪ್ರಸಂಗವೂ ‘ಇಷ್ಟೆಲ್ಲ ಅನುಭವಿಸಿದವನು ಕಣ್ಣು ಮುಚ್ಚಿಕೊಂಡು ಹೊಟ್ಟೆ ತುಂಬಿಸಿಕೊಂಡರೆ ತಪ್ಪೇ?’ ಎಂಬ ಸಮರ್ಥನೆಯ ಭಾಗ. ಬಾಲಕನ ಸಾಹಸಕಥೆಯೆಂದು ಓದಿದವರಿಗೆ ಸಿಗುವುದು ನಗೆ ಮಾತ್ರ. ತನಿಖೆಗೆ ಕೊಟ್ಟ ಹೇಳಿಕೆಯೆಂದು ಓದಿದರೆ ಒಂದು ಸಮಾಜ ಮರ್ಯಾದೆಗೆ ಕಟ್ಟಿದ ಬೆಲೆಯೇ ಕಣ್ಣಮುಂದೆ ಬರುತ್ತದೆ. 1559ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮನ್ಯಾಯಸಭೆ ಈ ಪುಸ್ತಕವನ್ನು ನಿಷೇಧಿತ ಪಟ್ಟಿಗೆ ಸೇರಿಸಿತು.

ಕಥೆ ಹೀಗೆ ದಾಖಲೆಯ ವೇಷ ತೊಡುವುದು ಆಕಸ್ಮಿಕವಲ್ಲ. ಹದಿನಾರನೆಯ ಶತಮಾನದ ಸ್ಪೇನ್ ಕಾಗದಪತ್ರಗಳ ಮೇಲೆ ನಿಂತ ಸಾಮ್ರಾಜ್ಯ. ಮೆಕ್ಸಿಕೊದಲ್ಲಿ ನೆಲ ಗೆದ್ದವನು, ಗೆದ್ದ ನೆಲದಲ್ಲಿ ಪಾಲು ಬೇಕೆಂದವನು, ಇನ್ನೊಬ್ಬನ ಮೇಲೆ ದೂರು ಕೊಡುವವನು, ಎಲ್ಲರೂ ರಾಜನಿಗೆ ವಿವರವಾಗಿ ಬರೆಯಲೇಬೇಕಿತ್ತು. ಅದೇ ರಾಜಸತ್ತೆ 1531ರಲ್ಲಿ ಕಟ್ಟುಕಥೆಗಳ ಪುಸ್ತಕಗಳನ್ನು ಅಮೆರಿಕದ ನೆಲಕ್ಕೆ ಸಾಗಿಸಬಾರದೆಂದು ಆಜ್ಞೆ ಹೊರಡಿಸಿತು; ಪುಸ್ತಕಗಳು ಹೋಗುತ್ತಲೇ ಇದ್ದವು ಎಂಬುದು ಬೇರೆ ಮಾತು. ದಾಖಲೆಗಿರುವ ಮರ್ಯಾದೆ ಕಥೆಗಿಲ್ಲದ ಇಂಥ ಕಾಲದಲ್ಲಿ ಕಥೆ ದಾಖಲೆಯ ದನಿಯನ್ನೇ ಎರವಲು ಪಡೆಯಿತು. ಕ್ಯೂಬಾ ಮೂಲದ ವಿಮರ್ಶಕ ರೊಬೆರ್ತೊ ಗೊನ್ಸಾಲೆಸ್ ಎಚೆವರ್ರಿಯಾ 1990ರ ತಮ್ಮ ಗ್ರಂಥದಲ್ಲಿ ಲ್ಯಾಟಿನ್ ಅಮೆರಿಕದ ಕಥನ ಪರಂಪರೆಯ ಬಗ್ಗೆ ಈ ವಾದವನ್ನು ವಿಸ್ತಾರವಾಗಿ ಮಂಡಿಸಿದ್ದಾರೆ; ನನ್ನ ಮಾತಿಗೆ ಅವರ ಋಣವಿದೆ. ಸೆರ್ವಾಂಟೆಸ್ ‘ಡಾನ್ ಕಿಹೋಟೆ’ಯಲ್ಲಿ (1605, 1615) ಇದೇ ಯುಕ್ತಿಯನ್ನು ತಲೆಕೆಳಗು ಮಾಡಿದ. ಎಂಟನೆಯ ಅಧ್ಯಾಯದ ಕೊನೆಗೆ, ಎತ್ತಿದ ಕತ್ತಿ ಇನ್ನೂ ಗಾಳಿಯಲ್ಲಿರುವಾಗಲೇ, ಮುಂದಿನ ದಾಖಲೆ ಸಿಗಲಿಲ್ಲವೆಂದು ಕಥೆ ನಿಂತುಬಿಡುತ್ತದೆ. ಆಮೇಲೆ ತೊಲೆದೊದ ಪೇಟೆಯಲ್ಲಿ ಅರಬ್ಬೀ ಹಸ್ತಪ್ರತಿಯೊಂದು ಸಿಗುತ್ತದೆ. ಒಣದ್ರಾಕ್ಷಿ ಮತ್ತು ಗೋಧಿ ಕೊಟ್ಟು ಮೊರಿಸ್ಕೊ ಒಬ್ಬನಿಂದ, ಅಂದರೆ ಮುಸ್ಲಿಂ ಮೂಲದ ಕ್ರೈಸ್ತನಿಂದ, ಅದರ ಅನುವಾದ ಮಾಡಿಸಲಾಗುತ್ತದೆ. ಆ ಜನ ಸುಳ್ಳು ಹೇಳುವವರು ಎಂಬ ಅಂದಿನ ಪೂರ್ವಗ್ರಹವನ್ನು ನಿರೂಪಕನೇ ಉದ್ಗರಿಸಿ, ತನ್ನ ಕಥೆಯ ಆಧಾರವೇ ಅಂಥವನೊಬ್ಬನ ಬರಹ ಎನ್ನುತ್ತಾನೆ. 1609ರಿಂದ 1614ರೊಳಗೆ, ಎಂದರೆ ಎರಡು ಭಾಗಗಳ ನಡುವಿನ ವರ್ಷಗಳಲ್ಲಿ, ಸ್ಪೇನ್ ಮೊರಿಸ್ಕೊಗಳನ್ನು ದೇಶದಿಂದಲೇ ಹೊರದೂಡಿತು. ಇದನ್ನು ತಿಳಿದು ಓದುವವರಿಗೆ ಆ ಹಸ್ತಪ್ರತಿಯ ಪ್ರಸಂಗ ಬರೀ ವಿನೋದವಾಗಿ ಉಳಿಯುವುದಿಲ್ಲ.

ಪದ್ಯದಲ್ಲಿ ವೇಷದ ಗುರುತು ಛಂದಸ್ಸಿನಲ್ಲೇ ಇರುತ್ತದೆ. ಲೋಪೆ ದೆ ವೇಗಾ 1609ರಲ್ಲಿ ನಾಟಕ ಕಟ್ಟುವ ಬಗ್ಗೆ ಬರೆದ ಪದ್ಯಪ್ರಬಂಧದಲ್ಲಿ ಯಾವ ಸಂದರ್ಭಕ್ಕೆ ಯಾವ ಛಂದಸ್ಸು ಒಪ್ಪುತ್ತದೆಂದು ಹೇಳಿದ್ದಾನೆ: ದೂರು, ಗೋಳುಗಳಿಗೆ ಹತ್ತು ಸಾಲಿನ ದೆಸಿಮಾ, ಕಾಯುತ್ತ ನಿಂತವರಿಗೆ ಸಾನೆಟ್, ನಡೆದದ್ದನ್ನು ವರದಿ ಮಾಡಲು ರೊಮಾನ್ಸೆ. ಕಾಲ್ದೆರೋನ್‌ನ ‘ಬದುಕೊಂದು ಕನಸು’ ನಾಟಕದಲ್ಲಿ ಹುಟ್ಟಿದಂದಿನಿಂದ ಗೋಪುರದಲ್ಲಿ ಸೆರೆಯಾಗಿರುವ ರಾಜಕುಮಾರ ಸೆಖಿಸ್ಮುಂದೊ ತನ್ನ ಗೋಳನ್ನು ತೋಡಿಕೊಳ್ಳುವುದು ದೆಸಿಮಾದಲ್ಲಿಯೇ. ಅಂದಿನ ಪ್ರೇಕ್ಷಕರ ಕಿವಿಗೆ ಛಂದಸ್ಸು ಬದಲಾದೊಡನೆ ಮನಃಸ್ಥಿತಿ ಬದಲಾದದ್ದು ತಿಳಿಯುತ್ತಿತ್ತು. ಇನ್ನು ರೊಮಾನ್ಸೆ ಎಂದರೆ ಪ್ರಣಯಕಥೆಯಲ್ಲ. ಎಂಟು ಅಕ್ಷರಗಳ ಸಾಲುಗಳಲ್ಲಿ, ಸಮಸಂಖ್ಯೆಯ ಸಾಲುಗಳ ಕೊನೆಗೆ ಸ್ವರಸಾಮ್ಯ ಹೊಂದಿಸುತ್ತ ಸಾಗುವ ಜನಪದ ಕಥನಗೀತೆ. 1492ರಲ್ಲಿ ಸ್ಪೇನ್‌ನಿಂದ ಹೊರದೂಡಲ್ಪಟ್ಟ ಯಹೂದಿಗಳು ಮೊರಾಕ್ಕೊದಲ್ಲೂ ಬಾಲ್ಕನ್ ನಾಡುಗಳಲ್ಲೂ ಶತಮಾನಗಳ ಕಾಲ ಇವನ್ನು ಹಾಡಿಕೊಂಡು ಬಂದರು. ಈ ಹಾಡುಗಳು ಕಥೆಯ ನಡುವಿನಿಂದ ಶುರುವಾಗಿ, ಎಷ್ಟೋ ಸಲ ಏನಾಯಿತೆಂದು ಹೇಳದೆಯೇ ನಿಲ್ಲುತ್ತವೆ. 1928ರಲ್ಲಿ ಲೋರ್ಕಾ ಜಿಪ್ಸಿ ರೊಮಾನ್ಸೆಗಳ ಸಂಕಲನ ಪ್ರಕಟಿಸಿದಾಗ ಅಲ್ಲಿನ ಅಸ್ಪಷ್ಟತೆಯನ್ನು ಆಧುನಿಕ ಕಾವ್ಯದ ಕ್ಲಿಷ್ಟತೆಯೆಂದು ಮಾತ್ರ ತಿಳಿದರೆ ಅರ್ಧ ತಪ್ಪಿದಂತೆ. ಹಳೆಯ ಹಾಡಿನ ಮೌನವೂ ಅಲ್ಲಿ ಕೆಲಸ ಮಾಡುತ್ತಿದೆ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ದಾಖಲೆಯ ಜಾಗವನ್ನು ಪತ್ರಿಕೆ ಹಿಡಿಯುತ್ತದೆ. ಬೋರ್ಹೆಸ್ 1936ರಲ್ಲಿ ಮುಂಬಯಿಯ ವಕೀಲನೊಬ್ಬ ಬರೆದ ಕಾದಂಬರಿಯ ವಿಮರ್ಶೆ ಪ್ರಕಟಿಸಿದರು. ಕಾದಂಬರಿಯೂ ಇಲ್ಲ, ವಕೀಲನೂ ಇಲ್ಲ, ವಿಮರ್ಶೆಯೇ ಕಥೆ. ಗೆಳೆಯರೊಬ್ಬರು ನಿಜವೆಂದೇ ನಂಬಿ ಆ ಪುಸ್ತಕಕ್ಕೆ ಲಂಡನ್ನಿಗೆ ಬರೆದರೆಂದು ಬೋರ್ಹೆಸ್ ಮುಂದೆ ನೆನೆದಿದ್ದಾರೆ. ಮಾರ್ಕ್ವೆಜ್ ಅವರದು ಇನ್ನೂ ಗಂಭೀರ ಉದಾಹರಣೆ. 1955ರಲ್ಲಿ ‘ಎಲ್ ಎಸ್ಪೆಕ್ತದೋರ್’ ಪತ್ರಿಕೆಯಲ್ಲಿ ಹತ್ತು ದಿನ ಕಡಲಲ್ಲಿ ತೇಲಿ ಬದುಕಿಬಂದ ನೌಕಾಪಡೆಯ ನಾವಿಕನ ಕಥೆಯನ್ನು ಅವನದೇ ಮಾತಿನಲ್ಲಿ ಹದಿನಾಲ್ಕು ಕಂತುಗಳಲ್ಲಿ ಬರೆದರು. ಬಿರುಗಾಳಿಯಿಂದ ಅನಾಹುತವಾಯಿತೆಂಬುದು ಕೊಲಂಬಿಯಾ ಸರ್ಕಾರದ ಹೇಳಿಕೆ. ಬಿರುಗಾಳಿಯೇ ಇರಲಿಲ್ಲ, ಡೆಕ್ಕಿನ ಮೇಲೆ ಪೇರಿಸಿದ್ದ ಕಳ್ಳಸಾಗಣೆಯ ಸರಕಿನಿಂದ ಹಾಗಾಯಿತೆಂಬುದು ಕಂತುಗಳಿಂದ ಹೊರಬಿದ್ದ ಸತ್ಯ. ‘ಮೊದಲೇ ಸಾರಿದ ಸಾವೊಂದರ ವೃತ್ತಾಂತ’ (1981) ಇದೇ ವರದಿಗಾರನ ಕೈಬರಹ. ಗಂಟೆ, ನಿಮಿಷ, ಬಟ್ಟೆ, ಚಾಕು ಎಲ್ಲಕ್ಕೂ ಖಚಿತ ವಿವರವಿದೆ. ಆದರೆ ಆ ಬೆಳಗ್ಗೆ ಬಿಸಿಲಿತ್ತೋ ಮಳೆಯಿತ್ತೋ ಎಂಬುದರಲ್ಲಿ ಸಾಕ್ಷಿಗಳಿಗೆ ಒಮ್ಮತವಿಲ್ಲ. ಕೊಲೆಯಾದವನು ತಪ್ಪಿತಸ್ಥನೋ ಅಲ್ಲವೋ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ವರದಿಯ ಶಿಸ್ತು ಬಿಗಿಯಾದಷ್ಟೂ ಊರಿನ ಅಪರಾಧ ಎದ್ದು ಕಾಣುತ್ತದೆ, ಏಕೆಂದರೆ ಬಹುಪಾಲು ಎಲ್ಲರಿಗೂ ಮೊದಲೇ ಗೊತ್ತಿತ್ತು, ತಡೆದವರಿಲ್ಲ. ಇದರಲ್ಲಿ ಮಂತ್ರವನ್ನು ಹುಡುಕಲು ಹೊರಟ ಓದುಗನ ಕೈಗೆ ಹತ್ತುವುದು ಬಹಳ ಕಡಿಮೆ.

ಪ್ರಕಾರದ ಚರ್ಚೆ ಪಂಡಿತರ ಕಸರತ್ತು, ಈ ಸಾಹಿತ್ಯದ ಜೀವಾಳ ಇರುವುದು ವಸಾಹತು, ಸರ್ವಾಧಿಕಾರ, ಬಡತನಗಳ ಇತಿಹಾಸದಲ್ಲಿ ಎಂದು ಆಕ್ಷೇಪಿಸುವವರಿದ್ದಾರೆ. ಇತಿಹಾಸ ಬೇಡವೆಂದು ನಾನೂ ಹೇಳುತ್ತಿಲ್ಲ. ಆದರೆ ಆ ಇತಿಹಾಸವನ್ನು ಯಾವ ಪ್ರಮಾಣದಲ್ಲಿ ನಂಬಬೇಕೆಂಬುದು ಪ್ರಕಾರದ ಪ್ರಶ್ನೆಯೇ. ಗ್ವಾಟೆಮಾಲಾದ ಮಾಯಾ ಮಹಿಳೆ ರಿಗೊಬೆರ್ತಾ ಮೆಂಚು ಅವರ ಆತ್ಮಕಥನವನ್ನು ಎಲಿಸಬೆತ್ ಬುರ್ಗೋಸ್ ಧ್ವನಿಮುದ್ರಿಸಿಕೊಂಡು 1983ರಲ್ಲಿ ಪುಸ್ತಕವಾಗಿಸಿದರು. ಮೆಂಚು ಅವರಿಗೆ 1992ರಲ್ಲಿ ಶಾಂತಿ ನೊಬೆಲ್ ಬಂತು. ಮಾನವಶಾಸ್ತ್ರಜ್ಞ ಡೇವಿಡ್ ಸ್ಟಾಲ್ 1999ರ ಪುಸ್ತಕದಲ್ಲಿ, ಕಣ್ಣಾರೆ ಕಂಡಂತೆ ಹೇಳಿದ ಕೆಲವು ಘಟನೆಗಳನ್ನು ಆಕೆ ಕಂಡಿರಲಿಲ್ಲ ಎಂದು ವಾದಿಸಿದರು. ಪರವಾಗಿ ನಿಂತವರು, ಇದು ‘ತೆಸ್ತಿಮೋನಿಯೊ’ ಎಂಬ ಪ್ರಕಾರ, ಇಲ್ಲಿ ‘ನಾನು’ ಎಂದರೆ ಒಂದು ಜನಾಂಗ ಎಂದರು. ತನ್ನ ಕಥೆ ತನ್ನ ಜನರೆಲ್ಲರ ಕಥೆ ಎಂದು ಮೆಂಚು ಅವರೂ ಪುಸ್ತಕದ ಆರಂಭದಲ್ಲೇ ಹೇಳಿದ್ದಾರೆ. ನನಗೆ ಎರಡೂ ಕಡೆಯ ಮಾತು ಅರ್ಧರ್ಧ ಸರಿಯೆನಿಸುತ್ತದೆ. ಸಾಕ್ಷಿಯ ಹೆಸರಿನಲ್ಲಿ ನಂಬಿಕೆ ಕೇಳುವ ಬರಹ ಸಾಕ್ಷಿಗೆ ಹಾಕುವ ಪ್ರಶ್ನೆಗಳನ್ನೂ ಎದುರಿಸಬೇಕು. ಹಾಗೆಂದು ವಿವರಗಳ ತಕರಾರು ಕಗ್ಗೊಲೆಗಳನ್ನು ಅಳಿಸಲಾರದು: ಅದೇ 1999ರಲ್ಲಿ ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ, ಆ ದೇಶದ ಅಂತರ್ಯುದ್ಧದಲ್ಲಿ ಸತ್ತವರು ಮತ್ತು ಕಣ್ಮರೆಯಾದವರು 2,00,000ಕ್ಕೂ ಹೆಚ್ಚೆಂದೂ ಗುರುತು ಸಿಕ್ಕ ಬಲಿಪಶುಗಳಲ್ಲಿ ಶೇ. 83 ಮಾಯಾ ಜನರೆಂದೂ ವರದಿ ಮಾಡಿತು. ಆಯೋಗದ ವರದಿಯನ್ನೂ ಮೆಂಚು ಅವರ ಪುಸ್ತಕವನ್ನೂ ಒಂದೇ ರೀತಿಯಲ್ಲಿ ಓದಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಕನ್ನಡದ ಓದುಗರಿಗೆ ಈ ಪುಸ್ತಕಗಳು ಹೆಚ್ಚಾಗಿ ಸಿಗುವುದು ಇಂಗ್ಲಿಷ್ ಮೂಲಕ ಅಥವಾ ಆ ಇಂಗ್ಲಿಷಿನಿಂದ ಆದ ಅನುವಾದಗಳಲ್ಲಿ. ಹೀಗಿರುವಾಗ ಇಂಥ ಓದು ಸಾಧ್ಯವೇ ಎಂಬ ಆಕ್ಷೇಪ ನ್ಯಾಯವಾದದ್ದು. ಗದ್ಯದ ಮಟ್ಟಿಗೆ ಸಾಧ್ಯ. ಹೇಳುವವನು ಯಾರು, ಕೇಳುವವನು ಯಾರು, ಏನನ್ನು ಮುಚ್ಚಿಡುತ್ತಿದ್ದಾನೆ ಎಂಬ ಸಂಗತಿಗಳು ಎರಡು ಭಾಷೆ ದಾಟಿದರೂ ಉಳಿಯುತ್ತವೆ; ‘ಲಾಸರಿಲ್ಯೊ’ದಿಂದ ಆರಂಭಿಸಿ ಎನ್ನುವುದು ಇದಕ್ಕೇ. ಪದ್ಯದಲ್ಲಿ ನಷ್ಟ ನಿಜ, ಆದರೆ ಅದನ್ನು ತುಂಬಿಕೊಳ್ಳುವ ದಾರಿ ನಾವಂದುಕೊಂಡಷ್ಟು ಕಡಿದಲ್ಲ. ಸ್ಪ್ಯಾನಿಷ್‌ನಲ್ಲಿ ಇರುವುದು ಐದೇ ಸ್ವರ, ಕನ್ನಡದ ಕಿವಿಗೆ ಪರಿಚಿತವಾದ ಅ, ಎ, ಇ, ಒ, ಉ. ಕೆಲವು ನಿಯಮ ಕಲಿತರೆ ಬರೆದಂತೆಯೇ ಓದಬಹುದು. ನಮ್ಮ ಲಘು-ಗುರುಗಳ ಲೆಕ್ಕ ಅಲ್ಲಿ ನಡೆಯದು, ಎಣಿಸಬೇಕಾದದ್ದು ಅಕ್ಷರಗಳನ್ನು. ಒಂದು ಪದದ ಕೊನೆಯ ಸ್ವರ ಮುಂದಿನ ಪದದ ಮೊದಲ ಸ್ವರಕ್ಕೆ ತಾಗಿದರೆ ಎರಡೂ ಸೇರಿ ಸಾಮಾನ್ಯವಾಗಿ ಒಂದೇ ಅಕ್ಷರ. ಸಾಲು ಒತ್ತಿನ ಅಕ್ಷರದಲ್ಲಿ ಮುಗಿದರೆ ಲೆಕ್ಕಕ್ಕೆ ಒಂದು ಕೂಡಿಸಬೇಕು. ಎದುರುಬದುರು ಪುಟಗಳಲ್ಲಿ ಮೂಲವನ್ನೂ ಅನುವಾದವನ್ನೂ ಅಚ್ಚು ಮಾಡಿದ ದ್ವಿಭಾಷಾ ಆವೃತ್ತಿಯನ್ನು ತೆರೆದು, ಅರ್ಥಕ್ಕೆ ಬಲಗಡೆ ನೋಡುತ್ತ ಎಡಗಡೆಯ ಸಾಲುಗಳನ್ನು ಗಟ್ಟಿಯಾಗಿ ಓದಿದರೆ, ಸೆಖಿಸ್ಮುಂದೊನ ಗೋಳು ಹತ್ತು ಹತ್ತು ಸಾಲುಗಳಿಗೊಮ್ಮೆ ಎಲ್ಲಿ ತಿರುಗುತ್ತದೆಂದು ಭಾಷೆ ಪೂರ್ತಿ ಬಾರದವರಿಗೂ ಕೇಳಿಸುತ್ತದೆ. ಅದೇ ದೆಸಿಮಾ ಇವತ್ತಿಗೂ ಕ್ಯೂಬಾ ಮತ್ತು ಪೋರ್ಟೊರಿಕೊಗಳಲ್ಲಿ ಹಾಡುಗಾರರು ನಿಂತ ನಿಲುವಿನಲ್ಲೇ ಕಟ್ಟಿ, ಒಬ್ಬರಿಗೊಬ್ಬರು ಸವಾಲು ಹಾಕುವ ಛಂದಸ್ಸು. ಅದರ ಧ್ವನಿಮುದ್ರಣಗಳನ್ನು ಪುಸ್ತಕದ ಜೊತೆಗೇ ಕೇಳಬೇಕು.