ಊರವರೇ ಉಳಿಸಿಕೊಂಡ ಕರಾವಳಿ: ಇಂಗ್ಲೆಂಡಿನ ನಾರ್ಫೋಕ್

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ ನಾರಿಚ್ ನಗರ. ಅಲ್ಲಿಂದಾಚೆಗೆ ನಾರ್ಫೋಕ್ ಕೌಂಟಿಯ ಹಳ್ಳಿಗಾಡು ತೆರೆದುಕೊಳ್ಳುತ್ತದೆ. ಬಾರ್ಲಿ, ಸಕ್ಕರೆ ಬೀಟ್ ಬೆಳೆಯುವ ಹೊಲಗಳು. ಉತ್ತರಕ್ಕೂ ಪೂರ್ವಕ್ಕೂ ಸಮುದ್ರ. ಇಡೀ ಕೌಂಟಿಯಲ್ಲಿ ಒಂದೂ ಮೋಟರ್‌ವೇ ಇಲ್ಲ. ಪ್ರವಾಸಿಗರು ಇಲ್ಲಿ ಬಂದು ನೋಡುವ ಜಾಗಗಳಲ್ಲಿ ಬಹಳಷ್ಟನ್ನು ಉಳಿಸಿದವರು ಇಲ್ಲಿಯವರೇ. ಅದನ್ನು ತಿಳಿದು ನೋಡಿದಾಗ ಪ್ರವಾಸದ ಬೆಲೆಯೇ ಹೆಚ್ಚುತ್ತದೆ.

ನಾರಿಚ್‌ನಿಂದ ಕ್ರೋಮರ್ ಕಡೆಗೆ ಹೋಗುವ ಪುಟ್ಟ ರೈಲಿನಲ್ಲಿ ಸ್ವಲ್ಪ ಹೊತ್ತಿಗೇ ಸಿಗುವುದು ರಾಕ್ಸಮ್. ‘ಬ್ರಾಡ್ಸ್’ ಎಂಬ ಸರೋವರಗಳ ಜಾಲಕ್ಕೆ ಇದು ಹೆಬ್ಬಾಗಿಲು. ನದಿಗಳೂ ಸರೋವರಗಳೂ ಸೇರಿ ಸುಮಾರು 200 ಕಿ.ಮೀ. ಜಲಮಾರ್ಗವಿದೆ, ದೋಣಿಯನ್ನು ಬಾಡಿಗೆಗೆ ಪಡೆದು ನಾವೇ ನಡೆಸಬಹುದು. ಈ ಸರೋವರಗಳು ತಾವಾಗಿಯೇ ಆದವೆಂದು ಬಹುಕಾಲ ನಂಬಲಾಗಿತ್ತು. 1950ರ ದಶಕದಲ್ಲಿ ಸಸ್ಯವಿಜ್ಞಾನಿ ಜಾಯ್ಸ್ ಲ್ಯಾಂಬರ್ಟ್ ಮಣ್ಣು ಕೊರೆದು ಪರೀಕ್ಷಿಸಿದಾಗ ನಿಜ ಹೊರಬಿತ್ತು. ಮಧ್ಯಯುಗದ ಜನ ಒಲೆ ಉರಿಸಲು ಪೀಟ್ ಎಂಬ ಉರುವಲು ಮಣ್ಣನ್ನು ಅಗೆದ ಗುಂಡಿಗಳಿವು. ಆಮೇಲೆ ನೀರು ಏರಿ ತುಂಬಿಕೊಂಡಿತು. ಬ್ರಿಟನ್ನಿನ ಸ್ವಾಲೋಟೇಲ್ ಚಿಟ್ಟೆ ಇಂದು ನೆಲೆಸಿರುವುದು ಈ ಸರೋವರಗಳ ಜೊಂಡಿನ ನಡುವೆ ಮಾತ್ರ. ಜೂನ್ ತಿಂಗಳು ಅದನ್ನು ನೋಡಲು ಒಳ್ಳೆಯ ಕಾಲ.

ಉತ್ತರ ತೀರದ ಕ್ಲೈ ಗ್ರಾಮದ ಜೌಗುನೆಲಕ್ಕೆ ಪಕ್ಷಿಪ್ರಿಯರ ಲೋಕದಲ್ಲಿ ದೊಡ್ಡ ಹೆಸರು. 1926ರಲ್ಲಿ ನಾರಿಚ್‌ನ ವೈದ್ಯ ಸಿಡ್ನಿ ಲಾಂಗ್ ಸಮಾನಮನಸ್ಕರನ್ನು ಕೂಡಿಸಿ, ಸುಮಾರು 400 ಎಕರೆಯ ಈ ಜೌಗನ್ನು ಹಕ್ಕಿಗಳಿಗಾಗಿಯೇ ಕೊಂಡು ಟ್ರಸ್ಟ್ ಸ್ಥಾಪಿಸಿದರು. ಮುಂದೆ ಬ್ರಿಟನ್ನಿನ ಇತರ ಕೌಂಟಿಗಳೂ ಇದೇ ದಾರಿ ಹಿಡಿದವು. ಕ್ಲೈನಿಂದ ಸ್ವಲ್ಪ ಪಶ್ಚಿಮಕ್ಕಿರುವ ಮಾರ್ಸ್ಟನ್ ಕಡವಿನಿಂದ ಬ್ಲೇಕ್ನಿ ಪಾಯಿಂಟ್ ಎಂಬ ಮರಳುದಿಣ್ಣೆಗೆ ದೋಣಿಗಳು ಹೊರಡುತ್ತವೆ; ಹೊರಡುವ ಹೊತ್ತನ್ನು ಗೊತ್ತುಮಾಡುವುದು ಸಮುದ್ರದ ಉಬ್ಬರ. ಚಳಿಗಾಲದಲ್ಲಿ ಆ ದಿಣ್ಣೆಯ ಮೇಲೆ ಬೂದು ಸೀಲ್‌ಗಳು ಬಿಳಿ ತುಪ್ಪಳದ ಮರಿಗಳನ್ನು ಹಾಕುತ್ತವೆ. ದೋಣಿಯಲ್ಲೇ ಕುಳಿತು ದೂರದಿಂದ ನೋಡುವುದು ನಿಯಮ, ಅದೇ ಮರ್ಯಾದೆ ಕೂಡ.

ಕ್ರೋಮರ್ ಎಂದರೆ ಏಡಿ. ಸಿಪ್ಪೆಯೊಳಗೇ ಮಾಂಸ ತುಂಬಿ ಕೊಡುವ ಇಲ್ಲಿಯ ಸಿಹಿ ಏಡಿಯನ್ನು ತಿನ್ನದೆ ಯಾರೂ ಮರಳುವುದಿಲ್ಲ. 1901ರಲ್ಲಿ ತೆರೆದ ಪಿಯರ್ ಕಡಲೊಳಕ್ಕೆ ಚಾಚಿಕೊಂಡಿದೆ; ಅದರ ಮೇಲೆ ನಾಟಕಶಾಲೆ, ತುದಿಯಲ್ಲಿ, ಕಡಲಲ್ಲಿ ಸಿಲುಕಿದವರನ್ನು ಕಾಪಾಡುವ ಲೈಫ್‌ಬೋಟ್ ಠಾಣೆ. ಏಡಿ ಹಿಡಿದೇ ಬದುಕಿದ ಹೆನ್ರಿ ಬ್ಲಾಗ್ ಇದೇ ಊರಿನವರು. 1909ರಿಂದ 1947ರವರೆಗೆ ಲೈಫ್‌ಬೋಟಿನ ಚುಕ್ಕಾಣಿ ಅವರ ಕೈಯಲ್ಲಿತ್ತು. ಹುಟ್ಟು ಹಾಕುವ ದೋಣಿಯ ಕಾಲದಿಂದ ಮೋಟಾರು ದೋಣಿಯ ಕಾಲದವರೆಗೆ ಸೇವೆ ಸಲ್ಲಿಸಿ, ಜೊತೆಗಾರರೊಂದಿಗೆ 873 ಜೀವಗಳನ್ನು ಉಳಿಸಿದರು. ಮೂರು ಬಾರಿ ಚಿನ್ನದ ಪದಕ ಪಡೆದ ಈ ಮೀನುಗಾರನ ಹೆಸರಿನ ಮ್ಯೂಸಿಯಂ ಸಮುದ್ರದಂಡೆಯಲ್ಲೇ ಇದೆ.

ಇನ್ನೂ ಪೂರ್ವಕ್ಕೆ ಹೇಸ್‌ಬರೊ ಗ್ರಾಮ. ಇಲ್ಲಿಯ ಮೆದುಮಣ್ಣಿನ ದಂಡೆಯನ್ನು ಅಲೆಗಳು ಕೊರೆಯುತ್ತಲೇ ಇವೆ. ಮನೆಗಳೂ ರಸ್ತೆಯೂ ಕಡಲು ಸೇರಿವೆ. ಅದೇ ಕೊರೆತ 2013ರಲ್ಲಿ ಎಂಟು ಲಕ್ಷ ವರ್ಷಕ್ಕೂ ಹಳೆಯ ಮಾನವ ಹೆಜ್ಜೆಗುರುತುಗಳನ್ನು ತೋರಿಸಿತು. ವಿಜ್ಞಾನಿಗಳು ದಾಖಲಿಸಿಕೊಂಡ ಕೆಲವೇ ದಿನಗಳಲ್ಲಿ ಅಲೆಗಳು ಅವನ್ನೂ ಅಳಿಸಿದವು. 1790ರಲ್ಲಿ ಕಟ್ಟಿದ ಕೆಂಪು-ಬಿಳಿ ಪಟ್ಟಿಯ ದೀಪಸ್ತಂಭವನ್ನು ಮುಚ್ಚುವ ಮಾತು ಬಂದಾಗ ಹಳ್ಳಿಗರು ಸುಮ್ಮನಿರಲಿಲ್ಲ. 1990ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕವೇ ಅದನ್ನು ವಹಿಸಿಕೊಂಡರು. ಇಂದಿಗೂ ದೀಪ ಉರಿಯುವುದು ದೇಣಿಗೆ ಮತ್ತು ಸ್ವಯಂಸೇವಕರ ದುಡಿಮೆಯಿಂದ.

ಬೇಸಿಗೆಯ ಕೆಲವು ದಿನಗಳಲ್ಲಿ ಮಾತ್ರ ದೀಪಸ್ತಂಭ ತೆರೆದಿರುತ್ತದೆ. ಮೊದಲೇ ವಿಚಾರಿಸಿಕೊಂಡು ಹೋಗಿ 112 ಮೆಟ್ಟಿಲು ಹತ್ತಿ. ಬ್ರಿಟನ್ನಿನಲ್ಲಿರುವ ಮಕ್ಕಳನ್ನು ನೋಡಲು ಹೋಗುವ ಕನ್ನಡಿಗರು ಲಂಡನ್ನಿನ ಅರಮನೆಗಳ ಜೊತೆಗೆ ಎರಡು ದಿನವನ್ನು ಈ ಕೌಂಟಿಗೂ ಎತ್ತಿಡಬೇಕು. ಆಳಿದವರ ಇಂಗ್ಲೆಂಡನ್ನು ಎಲ್ಲರೂ ನೋಡಿ ಬರುತ್ತಾರೆ. ಏಡಿ ಹಿಡಿಯುವವರು, ಹಳ್ಳಿಗರು, ಊರಿನ ವೈದ್ಯರೊಬ್ಬರು ಸೇರಿ ಕಾಪಾಡಿದ ಇಂಗ್ಲೆಂಡ್ ಇಲ್ಲಿದೆ. ದೀಪಸ್ತಂಭದಲ್ಲಿ ಕೊಡುವ ಟಿಕೆಟ್ಟಿನ ಹಣವೂ ಆ ಕಾಯುವ ಕೆಲಸಕ್ಕೇ ಸೇರುತ್ತದೆ.